ಕಣ್ಣಿಗೆ ಕಂಡದ್ದು ಕೈಗೆ ಇಳಿಯುವುದೇ?

ಅಂಗಡಿಯಿಂದ ನಾವು ತರುವ ಒಂದೊಂದು ವಸ್ತುವಿಗೂ ಹಿಂದೊಂದು ಕಥೆಯುಂಟು. ಕಾಗದದ ಕರವಸ್ತ್ರದ ಹಿಂದೆ ಉರುಳಿದ ಮರವಿದೆ. ಆದರೆ ಮರ ಉರುಳುವುದು ಎಲ್ಲಿಯೋ, ನಾವು ಕೈ ಒರೆಸಿಕೊಳ್ಳುವುದು ಇನ್ನೆಲ್ಲಿಯೋ! ಈ ನಡುವಣ ದೂರವೇ ನಮ್ಮ ಅಂತಃಕರಣವನ್ನು ಮಲಗಿಸುವ ಜೋಗುಳ. ಆ ದೂರವನ್ನು ಕ್ಷಣಕಾಲ ಅಳಿಸಬಲ್ಲ ಸಾಧನವೊಂದು ಇಂದು ನಮಗೆ ದೊರೆತಿದೆ.

ಜಾತ್ರೆಯಲ್ಲಿ ಪೆಟ್ಟಿಗೆಯ ಕಿಂಡಿಗೆ ಕಣ್ಣಿಟ್ಟು ದೂರದೂರುಗಳ ಚಿತ್ರ ನೋಡಿ ಬೆರಗಾದ ವಾಚಕರು ಅನೇಕರಿರಬಹುದು. ‘ವರ್ಚುವಲ್ ರಿಯಾಲಿಟಿ’ಯ ಹೆಡ್‌ಸೆಟ್ಟನ್ನು ಆ ಪೆಟ್ಟಿಗೆಯ ವಂಶಜನೆನ್ನಬಹುದು. ಎರಡು ಕಣ್ಣುಗಳಿಗೆ ತುಸು ಭಿನ್ನವಾದ ಎರಡು ಚಿತ್ರಗಳನ್ನು ತೋರಿಸಿದರೆ ಮನಸ್ಸು ಅವನ್ನು ಬೆಸೆದು ಆಳವನ್ನು ಕಾಣುವುದೆಂದು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿಯೇ ತೋರಿಸಿಕೊಟ್ಟಿದ್ದನು. ಇಂದಿನ ಸಾಧನದಲ್ಲಿ ತಲೆ ತಿರುಗಿಸಿದತ್ತ ನೋಟವೂ ತಿರುಗುತ್ತದೆ. ನೋಡುವವನು ದೃಶ್ಯದ ಎದುರಿಗಿರದೆ ಅದರ ಒಳಗೇ ನಿಂತಿರುತ್ತಾನೆ.

ಇದರಿಂದ ಬಳಕೆದಾರನ ನಡತೆ ಬದಲಾಗುವುದೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸನ್ ಜೂ ಆನ್, ಜೆರೆಮಿ ಬೇಲೆನ್‌ಸನ್ ಮೊದಲಾದ ವಿದ್ವಾಂಸರು ಇದನ್ನು ಪರೀಕ್ಷಿಸಿದರು. ಅವರ ಲೇಖನ 2014ರಲ್ಲಿ ಪ್ರಕಟವಾಯಿತು. ಕೆಲವರು ಮರ ಕಡಿಯುವ ವರ್ಣನೆಯನ್ನು ಓದಿದರು. ಉಳಿದವರು ಕಂಪಿಸುವ ಹಿಡಿಯೊಂದನ್ನು ಹಿಡಿದು, ಕಲ್ಪಿತ ಕಾಡಿನಲ್ಲಿ ಯಂತ್ರದ ಗರಗಸದಿಂದ ತಾವೇ ಮರವನ್ನು ಉರುಳಿಸಿದರು. ಅನಂತರ, ಆಕಸ್ಮಿಕವೆಂಬಂತೆ, ಅವರೆದುರು ನೀರು ಚೆಲ್ಲಲಾಯಿತು. ಒರೆಸಲು ಯಾರು ಎಷ್ಟು ಕಾಗದದ ಕರವಸ್ತ್ರ ತೆಗೆದುಕೊಂಡರೆಂದು ಎಣಿಸಿದಾಗ, ‘ಮರ ಕಡಿದವರು’ ಓದಿದವರಿಗಿಂತ ಸುಮಾರು ಶೇಕಡ 20ರಷ್ಟು ಕಡಿಮೆ ಬಳಸಿದ್ದರು!

ಅದೇ ವಿಶ್ವವಿದ್ಯಾಲಯದವರು 2016ರಲ್ಲಿ ಇನ್ನೊಂದು ದೃಶ್ಯಾನುಭವವನ್ನು ಹೊರತಂದರು. ವಾಹನದ ಹೊಗೆಯಲ್ಲಿರುವ ಇಂಗಾಲದ ಡೈ ಆಕ್ಸೈಡು ಕಡಲಿಗೆ ಸೇರಿ ನೀರಿನ ಆಮ್ಲತೆಯನ್ನು ಹೆಚ್ಚಿಸುವ ಬಗೆಯನ್ನು ಅದು ತೋರಿಸುತ್ತದೆ. ನೋಡುವವನು ಕಡಲ ತಳದಲ್ಲಿ ನಿಂತು, ಸುತ್ತಣ ಜೀವರಾಶಿ ಕ್ಷೀಣಿಸುವುದನ್ನು ಕಾಣುತ್ತಾನೆ. ಇಟಲಿಯ ಇಸ್ಕಿಯಾ ದ್ವೀಪದ ಬಳಿ ಜ್ವಾಲಾಮುಖಿಯ ಅನಿಲ ಕಡಲ ತಳದಿಂದ ಚಿಮ್ಮುವೆಡೆಯಲ್ಲಿ ಈ ವಿಪತ್ತಿನ ಮಾದರಿ ನಿಜವಾಗಿಯೇ ಇದೆ.

ಆದರೂ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾವು ಮರೆಯಲಾಗದು. ಪ್ರಯೋಗಶಾಲೆಯಲ್ಲಿ ತಡೆದ ಕೈ ತಿಂಗಳು ಕಳೆದ ಮೇಲೂ ತಡೆದೀತೆಂಬ ಭರವಸೆಯಿಲ್ಲ. ಸುಂದರವಾದ ಕಾಡನ್ನು ತೋರಿಸಿ ತನ್ನ ಸರಕನ್ನು ಮಾರಿಕೊಳ್ಳುವ ಚತುರ ವರ್ತಕನೂ ಇದನ್ನು ಬಳಸಬಲ್ಲನು. ಗಣಿಯ ಲೋಹವನ್ನೂ ವಿದ್ಯುತ್ತನ್ನೂ ಬೇಡುವ ಹೆಡ್‌ಸೆಟ್ಟು ತಾನೂ ಒಂದು ಸರಕೇ.

ಆದುದರಿಂದ ಶಾಲೆಯಲ್ಲಾಗಲಿ ವಸ್ತುಪ್ರದರ್ಶನದಲ್ಲಾಗಲಿ ಇಂತಹ ದೃಶ್ಯವನ್ನು ತೋರಿಸಿದೊಡನೆಯೇ ಮಾಡಬಹುದಾದ ಸಣ್ಣ ಕೆಲಸವೊಂದನ್ನೂ ಹೇಳಿಕೊಡಬೇಕು. ಮನೆಯ ಹಳೆಯ ಪಂಚೆಯ ತುಂಡು ಒರೆಸುವ ಬಟ್ಟೆಯಾಗಲಿ. ಕೈಚೀಲ ಬಾಗಿಲ ಮೊಳೆಯಲ್ಲಿ ತೂಗುತ್ತಿರಲಿ. ಕರವಸ್ತ್ರಗಳನ್ನು ಎಣಿಸಿದ ಆ ವಿದ್ವಾಂಸರ ಅಳತೆಗೋಲು ನಮಗೂ ತಕ್ಕುದು: ಮನಸ್ಸು ಎಷ್ಟು ಕರಗಿತೆಂದು ಕೇಳಿದರೆ ಸಾಲದು, ಕೈ ಎಷ್ಟು ತಡೆಯಿತೆಂದೂ ಎಣಿಸಬೇಕು.