ಹಳೆಯ ಅಭಿಮಾನಿಗಳು ಧಾರಾವಾಹಿ ಬಿಡುವುದು ಹೇಗೆ

2005ರಲ್ಲಿ ಏಳು ವಾರಗಳ ಒಳಗೆ ಟಿವಿಯಲ್ಲಿ ಮೂರು ಸಂಗತಿ ನಡೆದವು. ಮಾರ್ಚ್ 26ರಂದು ಬಿಬಿಸಿಯಲ್ಲಿ ‘ಡಾಕ್ಟರ್ ಹೂ’ ಮತ್ತೆ ಶುರುವಾಯಿತು. 1989ರ ಡಿಸೆಂಬರಿನಲ್ಲಿ ನಿಂತಿದ್ದ ಧಾರಾವಾಹಿ ಅದು. ಮರುದಿನ ನಮ್ಮ ದೂರದರ್ಶನದಲ್ಲಿ ‘ಶಕ್ತಿಮಾನ್’ ಮುಗಿಯಿತು. ಮೇ 13ರಂದು ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್: ಎಂಟರ್‌ಪ್ರೈಸ್’ನ ಕೊನೆಯ ಕಂತು ಬಂತು. 1987ರಿಂದ ಒಂದು ವರ್ಷವೂ ತಪ್ಪದೆ ಬರುತ್ತಿದ್ದ ಸ್ಟಾರ್ ಟ್ರೆಕ್ ಅಲ್ಲಿಗೆ ಟಿವಿಯಿಂದ ಮರೆಯಾಯಿತು. ವರ್ಷಗಟ್ಟಲೆ ಹಚ್ಚಿಕೊಂಡು ನೋಡಿದವರು ಇಂಥ ಧಾರಾವಾಹಿಗಳಿಂದ ಯಾಕೆ ದೂರ ಸರಿಯುತ್ತಾರೆ ಎಂದು ತಿಳಿಯಬೇಕಾದರೆ ಈ ಮೂರನ್ನೂ ಜೊತೆಗಿಟ್ಟು ನೋಡಬೇಕು.

ಬೆಂಗಳೂರಿನ ಮೂಡಲಪಾಳ್ಯ, ವಿಜಯನಗರ, ನಾಗರಬಾವಿಯ ಕಡೆ ತೊಂಬತ್ತರ ದಶಕದ ಕೊನೆಗೆ ಶಾಲೆಗೆ ಹೋಗುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಗೊತ್ತಿದ್ದದ್ದು ಶಕ್ತಿಮಾನ್ ಮಾತ್ರ. 1997ರ ಸೆಪ್ಟೆಂಬರಿನಲ್ಲಿ ಶುರುವಾದ ಅದರಲ್ಲಿ ಯೋಗ, ಪಂಚಭೂತಗಳ ಜೊತೆಗೆ ಡಾಕ್ಟರ್ ಜೈಕಾಲನ ಪ್ರಯೋಗಾಲಯವೂ ಇತ್ತು. ಆದರೆ ಮಾತೆಲ್ಲ ಹಿಂದಿ. ಹೊರಗಿನ ಚಿತ್ರ, ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಅಲಿಖಿತ ಕಟ್ಟಳೆ 1960ರ ದಶಕದಿಂದಲೂ ನಡೆದುಬಂದಿತ್ತು; 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೆ ಅದು ಸಡಿಲವಾಯಿತು. ಈ ಕಟ್ಟಳೆಯ ಪರಿಣಾಮ ಅಭಿಮಾನದ ಮೇಲೂ ಆಯಿತು. ಮನೆಯ ಹಿರಿಯರಿಗೆ ಹಿಂದಿ ಹಿಡಿಯುತ್ತಿರಲಿಲ್ಲ, ಆದ್ದರಿಂದ ಕಥೆ ಮಕ್ಕಳ ನಡುವೆಯೇ ಉಳಿಯಿತು. ಧಾರಾವಾಹಿಯ ಮೇಲಿನ ಪ್ರೀತಿಯನ್ನು ಅರ್ಧಕ್ಕರ್ಧ ಜೀವಂತವಾಗಿ ಇಡುವುದು ಮರುದಿನದ ಮಾತುಕತೆ. ಹುಡುಗರು ಎಸ್‌ಎಸ್‌ಎಲ್‌ಸಿಗೆ ಬಂದು ಗುಂಪು ಚದುರಿದ ಕೂಡಲೇ ಆ ಮಾತುಕತೆ ನಿಂತಿತು, ನೋಡುವುದೂ ನಿಂತಿತು. ಇಲ್ಲಿ ಕಥೆ ಕೆಟ್ಟಿತೆಂದು ಬಿಟ್ಟವರಿಗಿಂತ ಬೆಳೆದು ಬಿಟ್ಟವರೇ ಹೆಚ್ಚು. ಧಾರಾವಾಹಿ ನಿಂತ ಕಾರಣ ಬೇರೆಯದೇ: ದೂರದರ್ಶನ ಕೇಳುತ್ತಿದ್ದ ಪ್ರಸಾರ ಶುಲ್ಕ ಏರಿದ್ದನ್ನು ಪಾತ್ರಧಾರಿ ಮುಖೇಶ್ ಖನ್ನಾ ಹೇಳಿಕೊಂಡಿದ್ದಾರೆ.

ಸ್ಟಾರ್ ಟ್ರೆಕ್‌ನ ಅಭಿಮಾನಿಗಳದು ಇನ್ನೊಂದು ಬಗೆ. ಅವರು ಬೆಳೆದ ಮೇಲೂ ಬಿಟ್ಟವರಲ್ಲ. 1966ರಲ್ಲಿ ಶುರುವಾದ ಮೊದಲ ಧಾರಾವಾಹಿಯನ್ನು ನಿಲ್ಲಿಸುವ ಸುದ್ದಿ ಹಬ್ಬಿದಾಗ ಬಿಜೋ ಟ್ರಿಂಬಲ್, ಜಾನ್ ಟ್ರಿಂಬಲ್ ದಂಪತಿ ಪತ್ರ ಚಳವಳಿ ನಡೆಸಿ ಮೂರನೆಯ ವರ್ಷ ಗಳಿಸಿಕೊಟ್ಟರು. ವಾಹಿನಿ ಅದನ್ನು ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿತು. 79 ಕಂತಿಗೆ, 1969ರಲ್ಲಿ, ಮುಗಿಯಿತು. ಆಮೇಲೆ ಮರುಪ್ರಸಾರದಲ್ಲೇ ಅದರ ಅಭಿಮಾನಿಗಳು ಹಲವು ಪಟ್ಟು ಹೆಚ್ಚಿದರು. ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದುದೂ ಅದೇ ಹಳೆಯ ಕಂತುಗಳು. ಇಷ್ಟು ಗಟ್ಟಿ ಜನ ಹೋದದ್ದು ಹೇಗೆ?

ಮೊದಲನೆಯ ಕಾರಣ ಅತಿಯಾದದ್ದು. 1987ರಿಂದ 2005ರವರೆಗೆ ಹದಿನೆಂಟು ವರ್ಷಗಳಲ್ಲಿ ನಾಲ್ಕು ಧಾರಾವಾಹಿ, 624 ಕಂತು. ಹೆಚ್ಚುಕಡಿಮೆ ಇಡೀ ಅವಧಿಯ ಉಸ್ತುವಾರಿ ರಿಕ್ ಬರ್ಮನ್ ಅವರದೇ. ಹಡಗು ಬದಲಾಯಿತು, ನಾಯಕರು ಬದಲಾದರು, ಆದರೆ ತೊಡಕು ಹುಟ್ಟುವ ಬಗೆಯೂ ಬಿಡಿಸುವ ಬಗೆಯೂ ಅದೇ ಉಳಿಯಿತು. ಮುನ್ನೂರು ಕಂತು ನೋಡಿದವರಿಗೆ ಹತ್ತನೇ ನಿಮಿಷಕ್ಕೆ ಮುಂದಿನದೆಲ್ಲ ಗೊತ್ತಾಗುತ್ತದೆ. ಹೊಸಬರಿಗೆ ಕಾಣದ ಈ ಪುನರಾವರ್ತನೆ ಹಳಬರಿಗೆ ಮಾತ್ರ ಕಾಣುತ್ತದೆ, ಆದ್ದರಿಂದ ಮೊದಲು ಏಳುವವರು ಹಳಬರೇ. ‘ಎಂಟರ್‌ಪ್ರೈಸ್’ನ ಮೊದಲ ಕಂತನ್ನು ಅಮೆರಿಕದಲ್ಲಿ ಸುಮಾರು 1.25 ಕೋಟಿ ಜನ ನೋಡಿದ್ದರು. ನಾಲ್ಕನೆಯ ವರ್ಷಕ್ಕೆ ಸಂಖ್ಯೆ 30 ಲಕ್ಷದ ಆಸುಪಾಸಿಗೆ ಬಂದಿತ್ತು. ನನಗೆ ಸಂಕಟವಾಗುವುದು ಇಲ್ಲಿ: ಆ ನಾಲ್ಕನೆಯ ವರ್ಷ ಮ್ಯಾನಿ ಕೋಟೊ ಬರವಣಿಗೆಯ ಹೊಣೆ ಹೊತ್ತು ಧಾರಾವಾಹಿಯನ್ನು ನಿಜವಾಗಿಯೂ ಮೇಲೆತ್ತಿದರು. ಅದನ್ನು ನೋಡಲು ಹಳಬರು ಇರಲಿಲ್ಲ. ಬಿಟ್ಟವರಿಗೆ ‘ಈಗ ಚೆನ್ನಾಗಿದೆ’ ಎಂಬ ಸುದ್ದಿ ತಲುಪುವುದು ತಡ, ನಂಬುವುದು ಇನ್ನೂ ತಡ.

ಎರಡನೆಯದು ನಿಯಮ ಮುರಿಯುವುದು. ವಿಜ್ಞಾನ ಕಥೆಯಲ್ಲಿ ಇದರ ಪೆಟ್ಟು ಬೇರೆ ಕಥೆಗಳಿಗಿಂತ ಜೋರು. ಅಲ್ಲಿ ಜಗತ್ತೇ ಕಟ್ಟಿದ್ದು; ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬ ಕಟ್ಟುಪಾಡನ್ನು ನೋಡುಗರು ಶ್ರಮಪಟ್ಟು ಕಲಿತಿರುತ್ತಾರೆ. ಗಲ್ಲಿ ಕ್ರಿಕೆಟ್‌ನಲ್ಲಿ ಆಟದ ನಡುವೆ ‘ಇನ್ಮೇಲೆ ಒನ್ ಪಿಚ್ ಔಟ್’ ಎಂದು ಬ್ಯಾಟ್‌ನ ಯಜಮಾನ ಹೇಳಿದರೆ ಆಡುತ್ತಿದ್ದವರಿಗೆ ಏನನ್ನಿಸುತ್ತದೋ ಅದೇ ಅವರಿಗೂ ಅನ್ನಿಸುತ್ತದೆ. ‘ಎಂಟರ್‌ಪ್ರೈಸ್’ನ ಕೊನೆಯ ಕಂತನ್ನೇ ನೋಡಿ. ನಾಲ್ಕು ವರ್ಷ ನಾವು ಜೊತೆಗಿದ್ದ ಸಿಬ್ಬಂದಿಯ ವಿದಾಯವನ್ನು ಹಿಂದಿನ ಸ್ಟಾರ್ ಟ್ರೆಕ್ ಧಾರಾವಾಹಿಯೊಂದರ ಪಾತ್ರ ರೈಕರ್ ಒಂದು ಕಣ್ಕಟ್ಟಿನ ಕೋಣೆಯಲ್ಲಿ ನಿಂತು ನೋಡುವಂತೆ ಬರೆದರು. ತಮ್ಮದೇ ಮನೆಯಲ್ಲಿ ಅವರು ಅತಿಥಿಗಳಾದರು. 2020ರ ಮಾರ್ಚ್ 1ರಂದು ‘ಡಾಕ್ಟರ್ ಹೂ’ ಕೂಡ ಇಂಥ ಸಾಹಸ ಮಾಡಿತು: 1963ರಲ್ಲಿ ಆ ಪಾತ್ರ ಮಾಡಿದ ವಿಲಿಯಂ ಹಾರ್ಟ್‌ನೆಲ್ ಮೊದಲ ಡಾಕ್ಟರ್ ಅಲ್ಲ, ಅವರಿಗೂ ಹಿಂದೆ ಎಷ್ಟೋ ಜನ್ಮಗಳಿದ್ದವು ಎಂದಿತು. ಅಭಿಮಾನಿಗಳು ಎರಡು ಪಾಲಾದರು.

ನಮ್ಮಲ್ಲೂ ಇದರ ನೆಂಟಸ್ತಿಕೆಯ ಉದಾಹರಣೆ ಇದೆ. ಕನ್ನಡ ಧಾರಾವಾಹಿ ‘ಪುಟ್ಟಗೌರಿ ಮದುವೆ’ 2012ರಲ್ಲಿ ಬಾಲ್ಯವಿವಾಹದ ನೋವಿನ ಕಥೆಯಾಗಿ ಶುರುವಾಯಿತು. 2018ರ ಹೊತ್ತಿಗೆ ಗೌರಿ ಬೆಟ್ಟದಿಂದ ಪ್ರಪಾತಕ್ಕೆ ಬಿದ್ದೂ ಬದುಕಿದಳು; ಊರೆಲ್ಲ ಟ್ರೋಲ್ ಮಾಡಿತು. ‘ಎಳೀತಿದಾರೆ’, ‘ಮೊದ್ಲಿನ ಥರ ಇಲ್ಲ’ ಎಂದು ನಮ್ಮ ಮನೆಗಳಲ್ಲಿ ಹೇಳುವ ಮಾತೂ ದೂರದ ದೇಶದ ಸ್ಟಾರ್ ಟ್ರೆಕ್ ಅಭಿಮಾನಿಯ ಮಾತೂ ಒಂದೇ ದೂರು: ನೀವೇ ಹಾಕಿಕೊಟ್ಟ ಗೆರೆಯನ್ನು ನೀವೇ ದಾಟಿದಿರಿ.

ಇದು ವಾಹಿನಿಗೆ ಬೇಗ ಗೊತ್ತಾಗುವುದಿಲ್ಲವೇ? ಗೊತ್ತಾಗುವುದಿಲ್ಲ, ಅದಕ್ಕೆ ಕಾರಣ ಅಳೆಯುವ ವಿಧಾನ. ಟಿವಿ ನೋಡುಗರ ಲೆಕ್ಕ ಇಡುವ ಬಾರ್ಕ್ ಸಂಸ್ಥೆ ದೇಶದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದೆ. ವಾಹಿನಿಯ ಧ್ವನಿಯಲ್ಲಿ ಕಿವಿಗೆ ಕೇಳದ ಗುರುತೊಂದು ಬೆರೆತಿರುತ್ತದೆ, ಮೀಟರ್ ಅದನ್ನು ಹಿಡಿಯುತ್ತದೆ. ಟಿವಿ ಮುಂದೆ ಕೂತವರು ತಮ್ಮ ತಮ್ಮ ಗುಂಡಿ ಒತ್ತುತ್ತಾರೆ. ಗುರುವಾರ ಲೆಕ್ಕ ಬರುತ್ತದೆ. ಆ ಲೆಕ್ಕದಲ್ಲಿ ಎಷ್ಟು ಜನ ಎಷ್ಟು ಹೊತ್ತು ಕೂತರು ಎಂಬುದಿದೆ. ಬೇಸರದಿಂದ ಕೂತರೋ ಪ್ರೀತಿಯಿಂದಲೋ ಎಂಬುದಿಲ್ಲ. ಹಳೆಯ ಅಭಿಮಾನಿ ಮನಸ್ಸಿನಲ್ಲಿ ಬಿಟ್ಟ ಮೇಲೂ ಅಭ್ಯಾಸಬಲದಿಂದ ತಿಂಗಳುಗಟ್ಟಲೆ ನೋಡಬಹುದು, ಬೈಯಲಿಕ್ಕೆಂದೇ ನೋಡಬಹುದು. ಅಂಕಿ ಬೀಳುವ ಹೊತ್ತಿಗೆ ಪ್ರೀತಿ ಹೋಗಿ ಬಹಳ ಕಾಲವಾಗಿರುತ್ತದೆ.

ಒಟಿಟಿ ಕಾಲದಲ್ಲಿ ಮೂರನೆಯ ಕಾರಣವೊಂದು ಸೇರಿಕೊಂಡಿದೆ: ಅಭ್ಯಾಸ ತಪ್ಪುವುದು. ಹಿಂದೆ ವರ್ಷಕ್ಕೆ 26 ಕಂತು ಬರುತ್ತಿದ್ದ ಸ್ಟಾರ್ ಟ್ರೆಕ್ ಈಗ ಹೆಚ್ಚಾಗಿ ಹತ್ತು ಕಂತಿನದು. ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ನ ಎರಡನೆಯ ಸೀಸನ್ 2023ರ ಆಗಸ್ಟಿನಲ್ಲಿ ಮುಗಿದರೆ ಮೂರನೆಯದು ಬಂದದ್ದು 2025ರ ಜುಲೈನಲ್ಲಿ. ಎರಡು ವರ್ಷದಲ್ಲಿ ಪಾತ್ರಗಳ ಹೆಸರೇ ಮರೆಯುತ್ತವೆ. ನಮ್ಮ ದೇಶದವರಿಗೆ ಇದರ ಮೇಲೆ ಇನ್ನೊಂದು ಕಷ್ಟ. ಸ್ಟಾರ್ ಟ್ರೆಕ್ ಸರಣಿಗಳಲ್ಲಿ ‘ಡಿಸ್ಕವರಿ’ ನೆಟ್‌ಫ್ಲಿಕ್ಸ್‌ನಲ್ಲಿ, ‘ಪಿಕಾರ್ಡ್’ ಪ್ರೈಮ್ ವಿಡಿಯೊದಲ್ಲಿ ಇದ್ದ ಕಾಲವಿತ್ತು. ಒಂದೇ ಜಗತ್ತಿಗೆ ಎರಡು ಚಂದಾ. 2021ರ ನವೆಂಬರಿನಲ್ಲಿ, ಅಮೆರಿಕದಲ್ಲಿ ನಾಲ್ಕನೆಯ ಸೀಸನ್ ಶುರುವಾಗಲು ಒಂದೆರಡು ದಿನ ಇರುವಾಗ ‘ಡಿಸ್ಕವರಿ’ಯನ್ನು ನೆಟ್‌ಫ್ಲಿಕ್ಸ್‌ನಿಂದ ತೆಗೆದುಬಿಟ್ಟರು. ದುಡ್ಡು ಕೊಟ್ಟು ಕಾದು ಕೂತವರನ್ನು ಹೀಗೆ ಬಾಗಿಲಾಚೆ ನಿಲ್ಲಿಸಿದ್ದು ಅನ್ಯಾಯ. ಅಲ್ಲಿಗೆ ಬಿಟ್ಟವರಲ್ಲಿ ಕಥೆಯ ಮೇಲೆ ಯಾವ ದೂರೂ ಇಲ್ಲದವರಿದ್ದರು.

ಹಾಗಾದರೆ ‘ಡಾಕ್ಟರ್ ಹೂ’ ಎದ್ದು ಬಂದದ್ದು ಹೇಗೆ? 1966ರಲ್ಲಿ ಹಾರ್ಟ್‌ನೆಲ್ ಬಿಟ್ಟಾಗ ಡಾಕ್ಟರ್ ಸಾಯದೆ ಹೊಸ ದೇಹಕ್ಕೆ ಬದಲಾಗುತ್ತಾನೆ ಎಂಬ ಉಪಾಯ ಹೂಡಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ತಂದರು. ಆವತ್ತಿನಿಂದ ಬದಲಾವಣೆಯೇ ಅದರ ನಿಯಮ. ಒಬ್ಬ ಡಾಕ್ಟರ್ ಹಿಡಿಸದಿದ್ದರೆ ಹೋಗಬಹುದು, ಮುಂದಿನವರು ಬಂದಾಗ ಹಿಂದಿನದು ತಿಳಿಯದೆಯೂ ಒಳಗೆ ಬರಬಹುದು. ಅದನ್ನು ನೋಡುತ್ತಲೇ ಬೆಳೆದ ರಸೆಲ್ ಟಿ ಡೇವಿಸ್ 2005ರಲ್ಲಿ ಕಥೆಯನ್ನು ರೋಸ್ ಎಂಬ ಅಂಗಡಿ ಹುಡುಗಿಯ ಕಣ್ಣಿನಿಂದ ತೆರೆದರು. ಹಿಂದಿನ ಇಪ್ಪತ್ತಾರು ಸೀಸನ್ನುಗಳ ಪಾಠವನ್ನು ಯಾರ ಮೇಲೂ ಹೇರಲಿಲ್ಲ.

ನಿಮಗೇ ಬೇಸರ ಬಂದಿದ್ದರೆ ಅದು ಯಾವ ಬಗೆಯದೆಂದು ಪರೀಕ್ಷಿಸಲು ಸುಲಭದ ದಾರಿಯಿದೆ. ಒಂದು ಕಾಲದಲ್ಲಿ ತುಂಬ ಇಷ್ಟಪಟ್ಟಿದ್ದ ಹಳೆಯ ಕಂತೊಂದನ್ನು, ಫೋನ್ ಪಕ್ಕಕ್ಕಿಟ್ಟು, ಪೂರ್ತಿ ನೋಡಿ. ಅದು ಈಗಲೂ ಹಿಡಿದು ಕೂರಿಸಿದರೆ ಬದಲಾದದ್ದು ಧಾರಾವಾಹಿ. ಹೊಸ ಸೀಸನ್ ಬಿಡಿ, ಹಳೆಯದನ್ನು ಇಟ್ಟುಕೊಳ್ಳಿ. ಅದೂ ಸಪ್ಪೆಯೆನಿಸಿದರೆ ಬದಲಾದವರು ನೀವು. ಒಂದೆರಡು ವರ್ಷ ಬೇರೆ ಏನಾದರೂ ನೋಡಿ, ಓದಿ. ಹಳೆಯದು ಚೆಂದವಿದ್ದು, ಹೊಸದೂ ತಕ್ಕಮಟ್ಟಿಗಿದ್ದು, ಆದರೂ ಕೂರಲಾಗದಿದ್ದರೆ ಅದು ಅಂತರ ತಂದ ತೊಂದರೆ. ಹಿಂದಿನ ಸೀಸನ್ನಿನ ಕೊನೆಯ ಎರಡು ಕಂತು ಮತ್ತೆ ನೋಡಿದರೆ ಬಹಳ ಸಲ ಸರಿಹೋಗುತ್ತದೆ. ಎಲ್ಲವನ್ನೂ ನೋಡಲೇಬೇಕೆಂಬ ಹಟ ಮಾತ್ರ ಬೇಡ. ಸ್ಟಾರ್ ಟ್ರೆಕ್ ಸರಣಿಯ ‘ಡೀಪ್ ಸ್ಪೇಸ್ ನೈನ್’ 1999ರಲ್ಲಿ ತನ್ನ ಕಥೆ ತಾನೇ ಮುಗಿಸಿಕೊಂಡಿತು. ಅಲ್ಲಿಗೇ ನಿಲ್ಲಿಸಿದರೂ ನಿಮ್ಮ ಸ್ಟಾರ್ ಟ್ರೆಕ್ ಪೂರ್ಣವೇ.

ನೀವು ಬಿಟ್ಟ ಧಾರಾವಾಹಿಯನ್ನು ಮನೆಯ ಮಗು ಈಗ ಶುರುಮಾಡಿದ್ದರೆ ಪಕ್ಕದಲ್ಲಿ ಕೂತು ‘ಇದೇನು, ಮೊದಲಿನದನ್ನ ನೋಡ್ಬೇಕಿತ್ತು’ ಎನ್ನಬೇಡಿ. ‘ಡಿಸ್ಕವರಿ’ಯಿಂದ ಆರಂಭಿಸಿದ ಹುಡುಗಿಗೆ ಅದೇ ಮೊದಲ ಸ್ಟಾರ್ ಟ್ರೆಕ್. ಅವಳು ಕೇಳಿದರೆ ಹಳೆಯದನ್ನು ತೋರಿಸಿ.