ಸ್ತನ ಶಸ್ತ್ರಚಿಕಿತ್ಸೆಯ ನೋವಿಗೆ ನರಗಳಲ್ಲೇ ತಡೆ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯನ್ನಷ್ಟೇ ಅಲ್ಲದೆ ಅನೇಕ ವೇಳೆ ಇಡೀ ಸ್ತನವನ್ನೂ ಕಂಕುಳಿನ ಲಿಂಫ್ ಗ್ರಂಥಿಗಳನ್ನೂ ತೆಗೆಯಬೇಕಾಗುವುದರಿಂದ, ಎಚ್ಚರವಾದ ಮೇಲೆ ಮೊದಲ ಒಂದೆರಡು ದಿನ ಕೆಮ್ಮುವುದು, ಮಗ್ಗುಲು ಬದಲಿಸುವುದು, ತೋಳೆತ್ತುವುದು ಕೂಡ ರೋಗಿಗೆ ಕಷ್ಟವಾಗುತ್ತದೆ. ಈ ನೋವು ಸಹಿಸಿಕೊಂಡರೆ ತಾನಾಗಿ ಹೋಗುವಂಥದೆಂಬ ನಂಬಿಕೆ ಸರಿಯಲ್ಲ. ಡೆನ್ಮಾರ್ಕಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯಾಗಿ ಎರಡು ಮೂರು ವರ್ಷ ಕಳೆದಿದ್ದ ಮಹಿಳೆಯರಲ್ಲಿ ಶೇ. 47ರಷ್ಟು ಮಂದಿ ಇನ್ನೂ ನೋವಿದೆ ಎಂದಿದ್ದರು. ಆರಂಭದ ತೀವ್ರ ನೋವು ಹೀಗೆ ದೀರ್ಘಕಾಲ ಉಳಿಯುವ ನೋವಿನ ಮುನ್ಸೂಚನೆಗಳಲ್ಲೊಂದು.

ನೋವಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಮಾರ್ಫಿನ್, ಫೆಂಟನಿಲ್‌ಗಳಂಥ ಔಷಧಗಳು ಮಿದುಳು ಮತ್ತು ಬೆನ್ನುಹುರಿಯ ಮೇಲೆ ಕೆಲಸ ಮಾಡುವುದರಿಂದ ನೋವಿನ ಉಪಶಮನದ ಜೊತೆಗೆ ವಾಕರಿಕೆ, ವಾಂತಿ, ಮಂಪರನ್ನೂ ತರುತ್ತವೆ. ನರ್ವ್ ಬ್ಲಾಕ್, ಅಂದರೆ ನರತಡೆಯ ವಿಧಾನ ಇದಕ್ಕಿಂತ ಭಿನ್ನ. ಬುಪಿವಕೇನ್ ಅಥವಾ ರೋಪಿವಕೇನ್‌ನಂಥ ಮರಗಟ್ಟಿಸುವ ಔಷಧವನ್ನು ನರದ ಬಳಿ ಚುಚ್ಚಿದಾಗ, ಅದು ನರದೊಳಕ್ಕೆ ಸೋಡಿಯಂ ಕಣಗಳು ನುಗ್ಗುವ ದ್ವಾರಗಳನ್ನು ಮುಚ್ಚುತ್ತದೆ. ವಿದ್ಯುತ್ ಸಂಕೇತ ಹುಟ್ಟದಿದ್ದಾಗ ಗಾಯದ ಸುದ್ದಿ ಮಿದುಳಿಗೆ ತಲುಪುವುದಿಲ್ಲ.

ಸ್ತನದ ಸಂವೇದನೆಯನ್ನು ಬಹುಪಾಲು ಹೊತ್ತೊಯ್ಯುವುದು ಪಕ್ಕೆಲುಬುಗಳ ನಡುವೆ ಸಾಗುವ ನರಗಳು. ಇವು ಬೆನ್ನುಮೂಳೆಯ ಪಕ್ಕದಿಂದ ಹೊರಬರುವ ಜಾಗದಲ್ಲೇ ಔಷಧ ನೀಡುವುದು ಪ್ಯಾರಾವರ್ಟಿಬ್ರಲ್ ಬ್ಲಾಕ್. ಜರ್ಮನಿಯ ಹ್ಯೂಗೊ ಸೆಲ್ಹೈಮ್ 1905ರಲ್ಲಿ ಬಳಕೆಗೆ ತಂದ ಈ ವಿಧಾನ ಮರೆವಿಗೆ ಸರಿದು, 1979ರಲ್ಲಿ ಈಸನ್ ಮತ್ತು ವ್ಯಾಟ್ ಅವರಿಂದ ಮತ್ತೆ ಚಾಲ್ತಿಗೆ ಬಂದಿತು. ಇದು ಹೆಚ್ಚು ಪರಿಣಾಮಕಾರಿಯಾದರೂ, ಶ್ವಾಸಕೋಶದ ಹೊದಿಕೆ ತೀರ ಹತ್ತಿರದಲ್ಲಿರುವುದರಿಂದ ಪಳಗಿದ ಕೈ ಬೇಕು.

ಅಲ್ಟ್ರಾಸೌಂಡ್ ಬಂದ ಮೇಲೆ ದಾರಿ ಸುಗಮವಾಯಿತು. ರಾಫೆಲ್ ಬ್ಲಾಂಕೊ 2011 ಮತ್ತು 2012ರಲ್ಲಿ ವಿವರಿಸಿದ ಪೆಕ್ಸ್ ಬ್ಲಾಕ್‌ಗಳಲ್ಲಿ ಔಷಧವನ್ನು ಎದೆಯ ಸ್ನಾಯುಗಳ ಪದರಗಳ ನಡುವೆ ಹರಡಲಾಗುತ್ತದೆ. ಅಲ್ಟ್ರಾಸೌಂಡಿನ ಪರದೆಯ ಮೇಲೆ ಸ್ನಾಯುಗಳು ಒಂದರ ಕೆಳಗೊಂದು ಬೂದುಬಣ್ಣದ ಪಟ್ಟಿಗಳಾಗಿಯೂ, ಅವುಗಳಡಿಯಲ್ಲಿ ಶ್ವಾಸಕೋಶದ ಹೊದಿಕೆ ಉಸಿರಿನೊಡನೆ ಸರಿದಾಡುವ ಬಿಳಿಗೆರೆಯಾಗಿಯೂ ಕಾಣುತ್ತವೆ. ಸೂಜಿಯ ತುದಿಯನ್ನು ಕಣ್ಣಿಂದ ಬಿಡದೆ ಅರಿವಳಿಕೆ ತಜ್ಞರು ಔಷಧ ತಳ್ಳಿದಂತೆ ಪದರಗಳು ಬೇರ್ಪಟ್ಟು ನಡುವೆ ಕಪ್ಪು ಜಾಗ ತೆರೆದುಕೊಳ್ಳುತ್ತದೆ; ಔಷಧ ಸರಿಯಾದ ಪದರಕ್ಕೆ ಬಿದ್ದಿದೆ ಎಂಬುದಕ್ಕೆ ಅದೇ ಗುರುತು. ಈ ಬ್ಲಾಕ್ ಕಂಕುಳಿನ ಕಡೆಗೂ ನೆರವಾಗುತ್ತದೆ, ಆದರೆ ಎದೆಮೂಳೆಯ ಅಂಚಿನ ನೋವಿಗೆ ಸಾಲದಿರಬಹುದು. 2016ರಲ್ಲಿ ಪ್ರಕಟವಾದ ಇರೆಕ್ಟರ್ ಸ್ಪೈನೆ ಬ್ಲಾಕ್‌ನಲ್ಲಿ ಬೆನ್ನಿನ ಸ್ನಾಯುವಿನ ಅಡಿಯಲ್ಲಿ ಔಷಧ ನೀಡುತ್ತಾರೆ.

ನರತಡೆಯಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನೂ ಸ್ಪಷ್ಟವಾಗಿ ತಿಳಿದಿರಬೇಕು. ಒಂದು ಕಾಲಕ್ಕೆ ಇದು ಕ್ಯಾನ್ಸರ್ ಮರುಕಳಿಸುವುದನ್ನೂ ತಗ್ಗಿಸಬಹುದೆಂಬ ನಿರೀಕ್ಷೆಯಿತ್ತು. 2,100ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ಅದನ್ನು ತಳ್ಳಿಹಾಕಿತು, ನರತಡೆ ಪಡೆದ ಮತ್ತು ಪಡೆಯದ ಎರಡೂ ಗುಂಪುಗಳಲ್ಲಿ ಮರುಕಳಿಕೆ ಸುಮಾರು ಶೇ. 10ರಷ್ಟೇ ಇತ್ತು. ದೀರ್ಘಕಾಲದ ನೋವಿನಲ್ಲೂ ಆ ಅಧ್ಯಯನಕ್ಕೆ ವ್ಯತ್ಯಾಸ ಕಾಣಲಿಲ್ಲ, ಕೆಲವು ಸಣ್ಣ ಅಧ್ಯಯನಗಳು ಮಾತ್ರ ಲಾಭವನ್ನು ಸೂಚಿಸಿವೆ. ಆದ್ದರಿಂದ ಇದರ ಖಚಿತ ಪ್ರಯೋಜನವೆಂದರೆ ಮೊದಲ ದಿನದ ನೆಮ್ಮದಿ ಮತ್ತು ಮಾರ್ಫಿನ್‌ನಂಥ ಔಷಧದ ಅಗತ್ಯ ತಗ್ಗುವುದು. ಇದನ್ನು ಕಡಿಮೆಯೆಂದು ಭಾವಿಸಬೇಕಿಲ್ಲ.

ಅಪಾಯಗಳು ವಿರಳವಾದರೂ ಇಲ್ಲದಿಲ್ಲ. ಶ್ವಾಸಕೋಶದ ಸುತ್ತ ಗಾಳಿ ತುಂಬಬಹುದು. ಔಷಧ ರಕ್ತಕ್ಕೆ ಹೆಚ್ಚಾಗಿ ಸೇರಿದರೆ ಸೆಳವು ಅಥವಾ ಹೃದಯದ ಲಯಭಂಗವಾಗಬಹುದು. ಅದಕ್ಕಾಗಿಯೇ ದೇಹದ ತೂಕಕ್ಕೆ ತಕ್ಕಂತೆ ಪ್ರಮಾಣವನ್ನು ಲೆಕ್ಕ ಹಾಕಿ, ತುರ್ತಿಗೆ ಲಿಪಿಡ್ ದ್ರಾವಣವನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ಒಮ್ಮೆ ನೀಡಿದ ಬ್ಲಾಕ್ ಕೆಲವು ಗಂಟೆಗಳಲ್ಲಿ ಇಳಿಯುವುದರಿಂದ, ಅದಕ್ಕೆ ಮೊದಲೇ ಪ್ಯಾರಸಿಟಮಾಲ್ ಮತ್ತು ರೋಗಿಗೆ ಸೂಕ್ತವಾದ ಉರಿಯೂತ ನಿವಾರಕ ಮಾತ್ರೆಗಳು ಆರಂಭವಾಗಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ಮುಂಚೆಯೇ ತಿಳಿಸಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರು ಪರೀಕ್ಷಿಸಲು ಬಂದಾಗ, ತಮಗೆ ನರತಡೆ ಸಾಧ್ಯವೇ, ಅದರ ಪ್ರಭಾವ ಇಳಿದ ಮೇಲೆ ನೋವಿಗೆ ಏನು ವ್ಯವಸ್ಥೆ ಎಂದು ಕೇಳುವ ಹಕ್ಕು ರೋಗಿಗೂ ಮನೆಯವರಿಗೂ ಇದೆ.