ಊರೊಳಗಿನ ಹೆದ್ದಾರಿ, ಊರಾಚೆಯ ಹೆದ್ದಾರಿ

ಬೆಂಗಳೂರು–ಮೈಸೂರು ನಡುವಿನ ಹಳೆಯ ರಾಜ್ಯ ಹೆದ್ದಾರಿ 17, ಪೇಟೆಗಳನ್ನು ಸಾಲಾಗಿ ಪೋಣಿಸಿದ ಒಂದು ನೀಳವಾದ ಅಂಗಡಿಬೀದಿಯಂತಿತ್ತು. ಕೆಂಗೇರಿ ದಾಟಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹಾಯ್ದು, ಸುಮಾರು 140 ಕಿ.ಮೀ. ಕ್ರಮಿಸಿ ಮೈಸೂರು ಸೇರುತ್ತಿದ್ದ ಈ ರಸ್ತೆಯೇ ಹಲವು ಊರುಗಳ ಮುಖ್ಯ ಬೀದಿಯೂ ಆಗಿತ್ತು.

ಹಾದಿ ಬಹು ಹಿಂದಿನದು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ವೆಲ್ಲೆಸ್ಲಿ ಸೇತುವೆ 1804ರಷ್ಟು ಹಳೆಯದು. ರಾಮನಗರದ ರೇಷ್ಮೆಗೂಡು ಮಾರುಕಟ್ಟೆ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ, ಮಂಡ್ಯದಲ್ಲಿ 1933ರಲ್ಲಿ ತಲೆಯೆತ್ತಿದ ಮೈಸೂರು ಸಕ್ಕರೆ ಕಂಪನಿ, ಬಿಡದಿಯ ಕೈಗಾರಿಕಾ ಪ್ರದೇಶ, ಇವೆಲ್ಲವೂ ಇದೇ ದಾರಿಯ ಆಸರೆ ಪಡೆದವು. 2000ರ ದಶಕದಲ್ಲಿ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮವು ರಸ್ತೆಯನ್ನು ನಾಲ್ಕು ಪಥಗಳಿಗೆ ವಿಸ್ತರಿಸಿದಾಗಲೂ ಬಹುಮಟ್ಟಿಗೆ ಹಳೆಯ ಜಾಡನ್ನೇ ಹಿಡಿಯಲಾಯಿತು. ರಸ್ತೆ ಅಗಲವಾಯಿತು, ಊರನ್ನು ಬಿಟ್ಟು ಹೋಗಲಿಲ್ಲ. ಗಿರಾಕಿ ಹೆಚ್ಚಿದನೇ ಹೊರತು ಕಡಿಮೆಯಾಗಲಿಲ್ಲ.

ಮುಂದೆ ಈ ಹಾದಿ ರಾಷ್ಟ್ರೀಯ ಹೆದ್ದಾರಿ 275ರ ಭಾಗವಾಯಿತು. ಸುಮಾರು 8,480 ಕೋಟಿ ರೂಪಾಯಿ ವೆಚ್ಚದ, ಸೇವಾ ರಸ್ತೆಗಳೂ ಸೇರಿ ಹತ್ತು ಪಥಗಳ ಹೊಸ ಮಾರ್ಗ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಅದು ಬಿಡದಿಯಿಂದ ಶ್ರೀರಂಗಪಟ್ಟಣದವರೆಗಿನ ಪೇಟೆಗಳನ್ನು ಬೈಪಾಸ್‌ಗಳ ಮೂಲಕ ಬಳಸಿ ಹೋಗುತ್ತದೆ. ಮೂರು ಗಂಟೆಯ ಪಯಣ ಅರ್ಧಕ್ಕೆ ಇಳಿಯಿತು. ದೂರದ ಸರಕು ಸಾಗಿಸುವ ತಯಾರಕರಿಗೆ ಇದು ನಿಸ್ಸಂಶಯವಾಗಿ ಲಾಭ. ಆದರೆ ತಟ್ಟೆ ಇಡ್ಲಿಗೋ, ಮದ್ದೂರು ವಡೆಗೋ, ಮಗುವಿನ ಗೊಂಬೆಗೋ ಕಾರು ನಿಲ್ಲಿಸುತ್ತಿದ್ದ ಪ್ರಯಾಣಿಕ ಈಗ ಮೇಲುಸೇತುವೆಯ ಮೇಲೆ ಸಾಗಿಬಿಡುತ್ತಾನೆ. ವ್ಯಾಪಾರ ಕುಸಿಯಿತೆಂಬ ಅಳಲು ಚನ್ನಪಟ್ಟಣ, ಮದ್ದೂರುಗಳಿಂದ ಅದೇ ವರ್ಷ ಕೇಳಿಬಂದಿತು.

ಈ ನಷ್ಟ ಯಾವ ಖಾತೆಯಲ್ಲೂ ಕಾಣದು. ರಸ್ತೆಬದಿಯ ಜಾಗದಿಂದ ತಾನಾಗಿ ಕೂಡಿಬಂದ ಗುಡ್‌ವಿಲ್ಲನ್ನು ಲೆಕ್ಕಪತ್ರ ಮಾನದಂಡ 26ರಂತೆ ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಅದು ಬಾಡಿಗೆಯಲ್ಲಿ, ಮುಂಗಡದಲ್ಲಿ, ಬಾಯಿಮಾತಿನ ಪಗಡಿಯಲ್ಲಿ ಮಾತ್ರ ಇರುತ್ತದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪರಿಹಾರ ಭೂಮಿ ಕಳೆದುಕೊಂಡವರಿಗೆ ಸಲ್ಲುತ್ತದೆ. ಹಳೆಯ ಬೀದಿಯ ಅಂಗಡಿಯವನದು ಒಂದಂಗುಲ ಜಾಗವೂ ಹೋಗಿಲ್ಲ, ಹೋದದ್ದು ಗಿರಾಕಿ. ಅದಕ್ಕೆ ಪರಿಹಾರವಿಲ್ಲ. ಇದು ಕಾನೂನಿನಲ್ಲಿನ ಕೊರತೆಯೆಂದೇ ಹೇಳಬೇಕು.

ಹೊಸ ಮಾರ್ಗ ಬಳಸುವವರಿಗೂ ಒಂದು ಲೆಕ್ಕವಿದೆ. ಟೋಲ್‌ಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಅದರ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ನ ಪ್ರಶ್ನೆಯೇ ಇಲ್ಲ. ತೆತ್ತ ಹಣವೆಲ್ಲ ಸಾಗಣೆ ವೆಚ್ಚವೇ. ಬೆಲೆ ನಿಗದಿಪಡಿಸುವಾಗ ಇದನ್ನು ಮರೆಯುವವರು ಕಡಿಮೆಯಿಲ್ಲ. ಫಾಸ್ಟ್ಯಾಗ್ ವಿವರಪಟ್ಟಿಯನ್ನು ಪ್ರತಿ ತಿಂಗಳು ಇಳಿಸಿಕೊಂಡು ವಾಹನವಾರು ಇಟ್ಟುಕೊಂಡರೆ ವೋಚರ್‌ಗೆ ಅಲೆಯಬೇಕಿಲ್ಲ.

2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥಗಳು ನಿಷಿದ್ಧವಾದವು. ಹೀಗಾಗಿ ಸುತ್ತಲ ಹಳ್ಳಿಗಳ ಗಿರಾಕಿಗಳು ಸೇವಾ ರಸ್ತೆ ಮತ್ತು ಹಳೆಯ ಬೀದಿಗಳಲ್ಲೇ ಓಡಾಡುತ್ತಾರೆ. ದಾರಿಹೋಕರನ್ನು ನೆಚ್ಚಿದ್ದ ಅಂಗಡಿ ಇವರಿಗೆ ಬೇಕಾದ ಸರಕನ್ನು ಇಡಬಲ್ಲುದೇ ಎಂಬುದು ಆಯಾ ವರ್ತಕ ಯೋಚಿಸಬೇಕಾದ ಸಂಗತಿ. ಹಳೆಯ ರಸ್ತೆಯಲ್ಲಿ ಬಾಡಿಗೆ ಮಳಿಗೆ ಉಳ್ಳವರು ಕರಾರು ನವೀಕರಿಸುವಾಗ 2022–23 ಹಾಗೂ ಅನಂತರದ ವರ್ಷಗಳ ಮಾರಾಟದ ಅಂಕಿಗಳನ್ನು ಮಾಲೀಕರ ಮುಂದಿಟ್ಟು, ಬಾಡಿಗೆಯನ್ನು ಹೊಸದಾಗಿ ಗೊತ್ತುಮಾಡಿಕೊಳ್ಳುವುದು ಲೇಸು.